ಬರದ ಹಳಿಯ ಮೇಲೆ ಗುಲಾಬಿ ತೋಟಕ್ಕೆ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯ ಕುಟುಂಬಗಳು ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮನೆ ಸೇರಬಹುದಾದ ಪ್ರವಾಸತಾಣಗಳಲ್ಲಿ ಆಲಮಟ್ಟಿಯ ಉದ್ಯಾನಗಳು ಮೊದಲ ಸಾಲಿನಲ್ಲಿ ನಿಲ್ಲುತ್ತವೆ. ಕೃಷ್ಣಾ ನದಿಯ ಅಣೆಕಟ್ಟೆಯ ಆಸುಪಾಸಿನಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಬೆಳೆಸಿರುವ ಈ ಉದ್ಯಾನ ಸಮೂಹದಲ್ಲಿ ರಾಕ್ ಗಾರ್ಡನ್, ಲವ-ಕುಶ ಉದ್ಯಾನ, ಗೋಪಾಲಕೃಷ್ಣ ಉದ್ಯಾನ, ಮೊಘಲ್ ಉದ್ಯಾನ ಮತ್ತು ಸಂಗೀತ ಕಾರಂಜಿಗಳ ಜೊತೆಗೆ ಗುಲಾಬಿ ತೋಟವೂ ಇದೆ. ಊರಿಗೆ ಅದರ ಹೆಸರಿನದೇ ರೈಲು ನಿಲ್ದಾಣವಿರುವುದರಿಂದ ಸ್ವಂತ ವಾಹನವಿಲ್ಲದವರಿಗೂ ಈ ಪ್ರವಾಸ ಕೈಗೆಟುಕುತ್ತದೆ. ಆದರೆ ಇದನ್ನು ಕೇವಲ ಮನರಂಜನೆಯ ಒಂದು ದಿನವೆಂದು ಪರಿಗಣಿಸಿದರೆ ಅದರ ಅರ್ಧ ಮಹತ್ವ ಕೈತಪ್ಪಿ ಹೋಗುತ್ತದೆ. ಈ ದಾರಿಯಲ್ಲಿ ಮೂರು ಸಾರ್ವಜನಿಕ ಕಾಮಗಾರಿಗಳು ಒಂದರ ಹಿಂದೊಂದು ಎದುರಾಗುತ್ತವೆ: ಹಸಿವಿಗೆ ಉತ್ತರವಾಗಿ ಹಾಸಿದ ರೈಲು ಹಳಿ, ಬಾಯಾರಿಕೆಗೆ ಉತ್ತರವಾಗಿ ಕಟ್ಟಿದ ಜಲಾಶಯ, ಮತ್ತು ಇವೆರಡೂ ಬಂದ ಮೇಲಷ್ಟೇ ಸಾಧ್ಯವಾದ ಹೂದೋಟ. ಮಳೆ ಕೈಕೊಡುವ ಸೀಮೆಯೊಂದು ಗುಲಾಬಿಯನ್ನು ಎಲ್ಲರ ಸೊತ್ತಾಗಿ ಬೆಳೆಸಿಕೊಂಡ ಬಗೆಯನ್ನು ಈ ಮೂರನ್ನೂ ಒಟ್ಟಿಗೆ ನೋಡಿದಾಗ ಮಾತ್ರ ಅರಿಯಲು ಸಾಧ್ಯ.

ಹಸಿವಿನಿಂದ ಹುಟ್ಟಿದ ಮಾರ್ಗ

ಇಂದಿನ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಲಾದಗಿ ಎಂಬ ಒಂದೇ ಜಿಲ್ಲೆಯ ಭಾಗವಾಗಿದ್ದವು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಮಹಾಕ್ಷಾಮದಲ್ಲಿ ಮುಂಬಯಿ ಪ್ರಾಂತದ ಅತಿ ಹೆಚ್ಚು ನೊಂದ ಜಿಲ್ಲೆಗಳ ಸಾಲಿಗೆ ಕಲಾದಗಿಯೂ ಸೇರಿತು. ಆಗ ಉತ್ತರಕ್ಕೆ ಸೊಲ್ಲಾಪುರದವರೆಗೆ, ದಕ್ಷಿಣಕ್ಕೆ ಬಳ್ಳಾರಿಯವರೆಗೆ ರೈಲು ಬಂದಿದ್ದರೂ ನಡುವಿನ ವಿಶಾಲ ಎರೆಸೀಮೆಗೆ ಹಳಿಯೇ ಇರಲಿಲ್ಲ. ಹೊರಗಿನ ಧಾನ್ಯವನ್ನು ಎತ್ತಿನ ಬಂಡಿಗಳಲ್ಲಿ ಸಾಗಿಸಬೇಕಿತ್ತು. ಎತ್ತುಗಳಿಗೂ ಮೇವು ನೀರು ಸಿಗದ ಕಾಲದಲ್ಲಿ ಆ ಸಾಗಣೆ ಹಳ್ಳಿಗಳನ್ನು ಸಕಾಲಕ್ಕೆ ತಲುಪುವುದು ದುಸ್ತರವಾಗಿತ್ತು. ಕ್ಷಾಮದ ತರುವಾಯ ನೇಮಕವಾದ ಆಯೋಗ 1880ರಲ್ಲಿ ಸಲ್ಲಿಸಿದ ವರದಿಯು, ಬರಪೀಡಿತ ಪ್ರದೇಶಗಳಿಗೆ ಧಾನ್ಯ ಒಯ್ಯಲು ರೈಲುಮಾರ್ಗಗಳನ್ನು ವಿಸ್ತರಿಸಬೇಕೆಂದು ಒತ್ತಿ ಹೇಳಿತು.

ಈ ಹಿನ್ನೆಲೆಯಲ್ಲಿ 1882ರಲ್ಲಿ ರಚನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸೊಲ್ಲಾಪುರದ ಬಳಿಯ ಹೊಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿಗಳ ಮೂಲಕ ಗದಗಕ್ಕೆ ಮೀಟರ್‌ಗೇಜ್ ಮಾರ್ಗವನ್ನು ನಿರ್ಮಿಸಿತು. ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ ಮಾರ್ಗವೇ ಮೀಟರ್‌ಗೇಜ್. ಅದರ ವೆಚ್ಚ ಕಡಿಮೆ, ಕಟ್ಟುವುದೂ ಬೇಗ. 1884ರಲ್ಲಿ ಈ ಮಾರ್ಗ ಸಂಚಾರಕ್ಕೆ ತೆರೆದುಕೊಂಡಿತು, ಮತ್ತು ಅದೇ ಹೊತ್ತಿನಲ್ಲಿ ಜಿಲ್ಲಾ ಕೇಂದ್ರವೂ ಕಲಾದಗಿಯಿಂದ ವಿಜಯಪುರಕ್ಕೆ ಸ್ಥಳಾಂತರಗೊಂಡಿತು. ನೂರಕ್ಕೂ ಹೆಚ್ಚು ವರ್ಷ ದುಡಿದ ಆ ಸಣ್ಣ ಹಳಿಯನ್ನು ಪ್ರಸ್ತುತ ಶತಮಾನದ ಮೊದಲ ದಶಕದ ಹೊತ್ತಿಗೆ 1,676 ಮಿಲಿಮೀಟರ್ ಅಂತರದ ಬ್ರಾಡ್‌ಗೇಜ್‌ಗೆ ಪರಿವರ್ತಿಸಲಾಯಿತು. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿ ರೂಪುಗೊಂಡ ನೈಋತ್ಯ ರೈಲ್ವೆಯ ಆಡಳಿತಕ್ಕೆ ಇಂದು ಈ ಮಾರ್ಗ ಸೇರಿದೆ. ಬರದ ವರ್ಷದಲ್ಲಿ ಜೋಳದ ಚೀಲ ತರಲೆಂದು ಹಾಕಿದ ಹಳಿಯ ಮೇಲೆ ಇಂದು ಮಕ್ಕಳು ಮರಿಗಳೊಂದಿಗೆ ಜನರು ಹೂ ನೋಡಲು ಹೋಗುತ್ತಿರುವುದು ಈ ಸೀಮೆಯ ಇತಿಹಾಸದಲ್ಲಿ ಸಣ್ಣ ಬದಲಾವಣೆಯೇನಲ್ಲ.

ನಿಲ್ದಾಣಗಳ ಸಾಲು

ಉತ್ತರದಿಂದ ಬರುವ ಪ್ರಯಾಣಿಕರಿಗೆ ಇಂಡಿ ರೋಡ್ ನಿಲ್ದಾಣವೇ ಆರಂಭದ ಬಿಂದು. ಊರಿನ ಹೆಸರಿನ ಮುಂದೆ 'ರೋಡ್' ಎಂದು ಸೇರಿಸಿದ್ದರೆ, ನಿಲ್ದಾಣವು ಊರೊಳಗಿಲ್ಲ, ಊರಿಗೆ ಹೋಗುವ ರಸ್ತೆಯ ಮೇಲಿದೆ ಎಂಬುದು ರೈಲ್ವೆಯ ಹಳೆಯ ಸೂಚನೆ. ಇಂಡಿ ಪಟ್ಟಣದವರು ಅಲ್ಲಿಗೆ ಬಸ್ಸಿನಲ್ಲೋ ಟಂಟಂನಲ್ಲೋ ಬಂದು ರೈಲು ಹಿಡಿಯಬೇಕು. ಇಂಡಿ ಸೀಮೆ ಲಿಂಬೆಗೆ ಹೆಸರಾದದ್ದು. ಇಲ್ಲಿನ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ, ಅಂದರೆ ನಿರ್ದಿಷ್ಟ ನೆಲದ ಗುಣದಿಂದಲೇ ಒಂದು ಬೆಳೆಗೆ ವೈಶಿಷ್ಟ್ಯ ಬಂದಿದೆಯೆಂದು ಕಾನೂನು ಒಪ್ಪಿಕೊಂಡಿದೆ. ಬೇಸಿಗೆ ಕಾಲಿಡುತ್ತಿದ್ದಂತೆ ಶರಬತ್ತಿಗಾಗಿ ಲಿಂಬೆಯ ಬೇಡಿಕೆ ಏರುವುದರಿಂದ ತೋಟದ ಒಡೆಯರಿಗೆ ಇದು ಬಿಡುವಿಲ್ಲದ ಕಾಲ.

ಮುಂದೆ ಸಿಗುವ ನಿಂಬಾಳ ನಿಲ್ದಾಣದ ಬಳಿ ಗುರುದೇವ ರಾನಡೆಯವರ ಆಶ್ರಮವಿದೆ. 1886ರಲ್ಲಿ ಜಮಖಂಡಿಯಲ್ಲಿ ಜನಿಸಿ, ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯ ಹುದ್ದೆಯವರೆಗೆ ಏರಿದ ಈ ತತ್ವಶಾಸ್ತ್ರಜ್ಞರು ತಮ್ಮ ಸಾಧನೆಗೆ ಆರಿಸಿಕೊಂಡದ್ದು ಈ ಸಣ್ಣ ರೈಲು ನಿಲ್ದಾಣದ ಬಯಲನ್ನು; 1957ರಲ್ಲಿ ಅವರು ದೇಹ ಬಿಟ್ಟದ್ದೂ ಇಲ್ಲಿಯೇ. ವಿಜಯಪುರ ದಾಟಿದ ಮೇಲೆ ಹಳಿಯು ಡೋಣಿ ನದಿಯ ಬಯಲನ್ನು ಹಾಯುತ್ತದೆ. ಜತ್ತ ಸೀಮೆಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುವ ಡೋಣಿಯ ನೀರು ಸವುಳಾಗಿದ್ದರೂ, ಅದರ ದಂಡೆಯ ಕಪ್ಪು ನೆಲ ಬಿಳಿಜೋಳಕ್ಕೆ ಹೆಸರುವಾಸಿ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಈ ದಾರಿಯಲ್ಲಿ ಸಾಗುವಾಗ ಕಿಟಕಿಯ ಎರಡೂ ಬದಿಗೆ ಜೋಳ, ಕಡಲೆ, ಕುಸುಬೆಗಳ ಹಿಂಗಾರಿ ಸುಗ್ಗಿಯೋ ಸುಗ್ಗಿ ಮುಗಿದ ಕೊಯ್ಲಿನ ಹೊಲಗಳೋ ಕಾಣುತ್ತವೆ. ಬರಿದಾದ ಎರೆಹೊಲಗಳಲ್ಲಿ ಕಾಲು ಸಿಕ್ಕುವಷ್ಟು ಅಗಲದ ಬಿರುಕುಗಳು ಆಗಲೇ ಬಾಯಿ ತೆರೆಯತೊಡಗಿರುತ್ತವೆ. ಆ ಬಳಿಕ ಬರುವ ಬಸವನ ಬಾಗೇವಾಡಿ ರೋಡ್ ನಿಲ್ದಾಣವು ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯಿಂದ ದೂರದಲ್ಲಿ ತೆಲಗಿ ಗ್ರಾಮದ ಬಳಿ ಇದೆ. ಕೂಡಗಿಯ ಉಷ್ಣವಿದ್ಯುತ್ ಸ್ಥಾವರದ ಚಿಮಣಿಗಳು ಕಣ್ಣಿಗೆ ಬಿದ್ದ ಮೇಲೆ ಆಲಮಟ್ಟಿ ದೂರವಿಲ್ಲ.

ಇಂತಹ ಪ್ರಯಾಣದಲ್ಲಿ ಬುತ್ತಿಯ ಗಂಟು ಇಲ್ಲದ ಕುಟುಂಬ ಅಪರೂಪ. ಕಟಿರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಎಣ್ಣೆಗಾಯಿ, ಗಟ್ಟಿ ಮೊಸರು ಮತ್ತು ಉಳ್ಳಾಗಡ್ಡಿ ಈ ಬುತ್ತಿಯ ಮುಖ್ಯ ಅಂಗಗಳು. ಬಿಸಿಲಿಗೆ ಕೆಡದೆ ಸಂಜೆಯವರೆಗೂ ಉಳಿಯುವ ಆಹಾರವನ್ನೇ ಆರಿಸಿಕೊಳ್ಳುವ ಈ ಪದ್ಧತಿಯ ಹಿಂದೆ ಒಣಸೀಮೆಯ ತಲೆಮಾರುಗಳ ಅನುಭವವಿದೆ.

ನೀರು ಮತ್ತು ಅದಕ್ಕೆ ತೆತ್ತ ಬೆಲೆ

ಕೃಷ್ಣಾ ಮೇಲ್ದಂಡೆ ಯೋಜನೆಯ ಮುಖ್ಯ ಜಲಾಶಯವಾದ ಆಲಮಟ್ಟಿಗೆ 1964ರ ಮೇ 22ರಂದು ಅಡಿಗಲ್ಲು ಇಟ್ಟವರು ಲಾಲ್ ಬಹದ್ದೂರ್ ಶಾಸ್ತ್ರಿಯವರು; ಮರುತಿಂಗಳೇ ಅವರು ದೇಶದ ಪ್ರಧಾನಿಯಾದರು. ಜಲಾಶಯಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಹಣದ ಕೊರತೆ, ಅಂತರರಾಜ್ಯ ವ್ಯಾಜ್ಯ ಮತ್ತು ಪುನರ್ವಸತಿಯ ತೊಡಕುಗಳ ನಡುವೆ ದಶಕಗಳ ಕಾಲ ಎಳೆದ ಕಾಮಗಾರಿಗೆ ವೇಗ ತರಲೆಂದು 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಸ್ಥಾಪನೆಯಾಯಿತು. 26 ಗೇಟುಗಳ ಈ ಅಣೆಕಟ್ಟೆಯನ್ನು 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ರಾಷ್ಟ್ರಕ್ಕೆ ಸಮರ್ಪಿಸಿದರು. ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ನೀರು ನಿಂತಾಗ ಇಲ್ಲಿ ಸುಮಾರು 123 ಟಿಎಂಸಿ ಸಂಗ್ರಹವಾಗುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಅಣೆಕಟ್ಟೆಯ ಬುಡದ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವ್ಯಾಟ್.

ಈ ಯೋಜನೆಯ ನೀರು ನಾಲ್ಕೂ ತಾಲ್ಲೂಕುಗಳನ್ನು ಬೇರೆ ಬೇರೆ ದಾರಿಗಳಿಂದ ತಲುಪುತ್ತದೆ. ಆಲಮಟ್ಟಿ ಎಡದಂಡೆ ಕಾಲುವೆ ಹಾಗೂ ಮುಳವಾಡ, ಚಿಮ್ಮಲಗಿ ಏತ ನೀರಾವರಿ ಯೋಜನೆಗಳು ಬಾಗೇವಾಡಿ, ಮುದ್ದೇಬಿಹಾಳ ಭಾಗಗಳಿಗೆ ಆಸರೆಯಾಗಿವೆ. ತಗ್ಗಿನ ನೀರನ್ನು ಪಂಪುಗಳಿಂದ ದಿನ್ನೆಗೆ ಎತ್ತಿ ಕಾಲುವೆಗೆ ಬಿಡುವುದೇ ಏತ ನೀರಾವರಿ. ಕೆಳಗಿನ ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆಯಿಂದ ಕವಲೊಡೆದ ಇಂಡಿ ಶಾಖಾ ಕಾಲುವೆ ಸಿಂದಗಿ ಮತ್ತು ಇಂಡಿಯ ಹೊಲಗಳತ್ತ ಸಾಗುತ್ತದೆ. ಆದ್ದರಿಂದ ಈ ತಾಲ್ಲೂಕುಗಳ ಪ್ರವಾಸಿಯು ಆಲಮಟ್ಟಿಯಲ್ಲಿ ಹೂವಿನ ಜೊತೆಗೆ ತನ್ನ ಊರಿನ ನೀರಿನ ಮೂಲವನ್ನೂ ಕಾಣುತ್ತಾನೆ.

ಈ ನೀರಿಗೆ ದೊಡ್ಡ ಬೆಲೆ ತೆತ್ತವರೂ ಇದ್ದಾರೆ. ಹಿನ್ನೀರು ಎರಡೂ ದಂಡೆಗಳ ಅನೇಕ ಹಳ್ಳಿಗಳನ್ನೂ ಫಲವತ್ತಾದ ಹೊಲಗಳನ್ನೂ ಹಳೆಯ ಬಾಗಲಕೋಟೆ ಪಟ್ಟಣದ ಬಹುಭಾಗವನ್ನೂ ನುಂಗಿತು. ಅಲ್ಲಿನ ನಿವಾಸಿಗಳು ನವನಗರದಲ್ಲಿ ಮತ್ತು ಪುನರ್ವಸತಿ ಕೇಂದ್ರಗಳಲ್ಲಿ ಬದುಕನ್ನು ಮೊದಲಿನಿಂದ ಕಟ್ಟಿಕೊಳ್ಳಬೇಕಾಯಿತು. ಕೃಷ್ಣಾ ನ್ಯಾಯಮಂಡಳಿಯು 2010ರ ತೀರ್ಪಿನಲ್ಲಿ ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿರುವುದರಿಂದ ಮುಳುಗಡೆಯ ಪ್ರಶ್ನೆ ಇನ್ನೂ ಜೀವಂತವಾಗಿದೆ. ಉದ್ಯಾನದಲ್ಲಿ ಅಡ್ಡಾಡುವವರು ಈ ಸಂಗತಿಯನ್ನು ಮರೆಯಬಾರದು. ಇಲ್ಲಿನ ಪ್ರತಿಯೊಂದು ಪಾತಿಗೆ ಹರಿಯುವ ನೀರಿನ ಹಿಂದೆ ಮನೆ ಮಾರು ಬಿಟ್ಟು ಹೋದವರ ತ್ಯಾಗವಿದೆ.

ಎರೆಸೀಮೆಯಲ್ಲಿ ಗುಲಾಬಿ

ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುವ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಸೀಮೆಯಲ್ಲಿ ಗುಲಾಬಿ ಬೆಳೆಸುವುದು ಸುಲಭದ ಕೆಲಸವಲ್ಲ. ಗುಲಾಬಿಗೆ ಕೊಂಚ ಹುಳಿಗುಣದ, ನೀರು ಬಸಿದು ಹೋಗುವ ಮಣ್ಣು ಬೇಕು. ಎರೆಮಣ್ಣಿನ ಸ್ವಭಾವ ಇದಕ್ಕೆ ಬಹುಮಟ್ಟಿಗೆ ವಿರುದ್ಧವಾದದ್ದು: ಅದು ಕ್ಷಾರಗುಣದ್ದು, ಮಳೆಗಾಲದಲ್ಲಿ ಉಬ್ಬಿ ನೀರನ್ನು ಹಿಡಿದಿಟ್ಟು ಬೇರು ಕೊಳೆಯುವಂತೆ ಮಾಡುತ್ತದೆ, ಬೇಸಿಗೆಯಲ್ಲಿ ಸೀಳಿ ಬೇರನ್ನೇ ಹರಿಯುತ್ತದೆ. ಕ್ಷಾರದ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಗಿಡ ಅದನ್ನು ಹೀರಿಕೊಳ್ಳಲಾರದು. ಆಗ ಎಳೆಯ ಎಲೆಗಳಲ್ಲಿ ನರಗಳು ಮಾತ್ರ ಹಸಿರಾಗಿ ಉಳಿದು, ಉಳಿದ ಭಾಗ ಹಳದಿಗೆ ತಿರುಗುತ್ತದೆ. ಹೀಗಾಗಿ ಈ ಸೀಮೆಯಲ್ಲಿ ಗುಲಾಬಿ ನೆಡುವವರು ಗುಂಡಿಯ ಎರೆಯನ್ನು ತೆಗೆದು ಕೆಂಪು ಮಣ್ಣು, ಮರಳು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ತುಂಬುವುದು, ಪಾತಿಯನ್ನು ನೆಲಮಟ್ಟದಿಂದ ಎತ್ತರಿಸುವುದು, ಹನಿ ನೀರಾವರಿಯಿಂದ ಬುಡಕ್ಕಷ್ಟೇ ನೀರುಣಿಸುವುದು ರೂಢಿ.

ತೋಟದ ಗುಲಾಬಿ ಬಹುತೇಕ ಒಂದೇ ಗಿಡವಲ್ಲ, ಎರಡು ಗಿಡಗಳ ಜೋಡಿ. ಕೆಳಗಿನ ಬೇರುಗಿಡ ಗಟ್ಟಿಮುಟ್ಟಾದ ಕಾಡುಗುಲಾಬಿ ಇಲ್ಲವೇ ಎಡ್ವರ್ಡ್ ಗುಲಾಬಿಯ ಜಾತಿಯದು. ಮೇಲಿನದು ನಾಜೂಕಿನ ಹೂತಳಿ. ಬೇರುಗಿಡದ ತೊಗಟೆಯನ್ನು ಚೂಪಾದ ಚಾಕುವಿನಿಂದ ಅಡ್ಡಕ್ಕೊಂದು ಉದ್ದಕ್ಕೊಂದು ಗೀರಿ, ಬೇಕಾದ ತಳಿಯ ಒಂದೇ ಒಂದು ಮೊಗ್ಗುಗಣ್ಣನ್ನು ತೊಗಟೆಯೊಡನೆ ಕೊಯ್ದು ಆ ಗೀರಿನೊಳಗೆ ಸೇರಿಸಿ, ಗಣ್ಣು ಮಾತ್ರ ಹೊರಗುಳಿಯುವಂತೆ ಪಟ್ಟಿ ಸುತ್ತುತ್ತಾರೆ. ಕೆಲವು ವಾರಗಳಲ್ಲಿ ಎರಡರ ಅಂಗಾಂಶ ಕೂಡಿಕೊಂಡು ಗಣ್ಣು ಚಿಗುರುತ್ತದೆ, ಬಳಿಕ ಬೇರುಗಿಡದ ತಲೆಯನ್ನು ಕತ್ತರಿಸುತ್ತಾರೆ. ಇದಕ್ಕೆ ಕಣ್ಣು ಕಸಿ ಎಂದು ಹೆಸರು. ಪ್ರವಾಸಿಗಳು ಗಿಡದ ಬುಡವನ್ನು ಬಗ್ಗಿ ನೋಡಿದರೆ ಈ ಕಸಿಯ ಗಂಟು ಸ್ಪಷ್ಟವಾಗಿ ಕಾಣುತ್ತದೆ. ಗಂಟಿನ ಕೆಳಗಿನಿಂದ ಭರದಿಂದ ಮೇಲೇಳುವ ಚಿಗುರುಗಳು ಬೇರುಗಿಡದವು. ಅವನ್ನು ಸಕಾಲದಲ್ಲಿ ಕಿತ್ತು ಹಾಕದಿದ್ದರೆ ನಾಜೂಕಿನ ತಳಿ ಸೊರಗಿ, ಕೆಲವೇ ವರ್ಷಗಳಲ್ಲಿ ಕಾಡುಗುಲಾಬಿಯೇ ಪಾತಿಯನ್ನು ಆಳತೊಡಗುತ್ತದೆ. ಮಾಲಿಯ ಕೆಲಸದ ಬಹುಪಾಲು ಹೂವಿನ ಬಳಿಯಲ್ಲಲ್ಲ, ಈ ಬುಡದಲ್ಲಿ ನಡೆಯುತ್ತದೆ.

ಬೇಸಿಗೆಯ ಬಾಗಿಲಲ್ಲಿ

ಯುರೋಪಿನ ತೋಟಗಳಲ್ಲಿ ಜೂನ್ ತಿಂಗಳು, ಅಂದರೆ ಅಲ್ಲಿನ ಬೇಸಿಗೆಯ ಆರಂಭ, ಗುಲಾಬಿಯ ಹಬ್ಬದ ಕಾಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಚೀನಾದ ಗುಲಾಬಿಗಳು ತಲುಪುವವರೆಗೆ ಅಲ್ಲಿನ ಹೆಚ್ಚಿನ ಜಾತಿಗಳು ವರ್ಷಕ್ಕೆ ಒಮ್ಮೆ ಮಾತ್ರ ಅರಳುತ್ತಿದ್ದವು. ಪದೇ ಪದೇ ಅರಳುವ ಗುಣ ಚೀನಾದ ಗುಲಾಬಿಯಿಂದ ಬಂತು. ಆ ಗುಣವನ್ನು ಹೊತ್ತ ತಳಿಗಳ ಬೆರಕೆಯಿಂದ 1867ರಲ್ಲಿ ಫ್ರಾನ್ಸಿನಲ್ಲಿ ಬೆಳಕಿಗೆ ಬಂದ 'ಲಾ ಫ್ರಾನ್ಸ್' ಎಂಬ ತಳಿಯನ್ನು ಮೊದಲ ಹೈಬ್ರಿಡ್ ಟೀ ಗುಲಾಬಿಯೆಂದು ಪರಿಗಣಿಸುವುದು ವಾಡಿಕೆ. ಉದ್ದನೆಯ ತೊಟ್ಟಿನ ತುದಿಗೆ ಒಂದೇ ದೊಡ್ಡ ಹೂ ಬಿಡುವುದು ಹೈಬ್ರಿಡ್ ಟೀ ವರ್ಗದ ಲಕ್ಷಣವಾದರೆ, ಗೊಂಚಲು ಗೊಂಚಲಾಗಿ ಅರಳುವುದು ಫ್ಲೋರಿಬಂಡಾ ವರ್ಗದ ಲಕ್ಷಣ. ಭಾರತದಲ್ಲಿ ಗೋಧಿ ತಳಿಗಳ ವಿಜ್ಞಾನಿಯೂ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮೊದಲ ಮಹಾನಿರ್ದೇಶಕರೂ ಆಗಿದ್ದ ಬಿ.ಪಿ. ಪಾಲ್ ಇಲ್ಲಿನ ಹವೆಗೆ ಒಗ್ಗುವ ಅನೇಕ ಗುಲಾಬಿ ತಳಿಗಳನ್ನು ರೂಪಿಸಿದರು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು 'ಅರ್ಕಾ' ಸರಣಿಯಲ್ಲಿ ಗುಲಾಬಿಗಳನ್ನೂ ಹೊರತಂದಿದೆ. 'ಅರ್ಕಾ ಪರಿಮಳ', 'ಅರ್ಕಾ ಸವಿ' ಅವುಗಳಲ್ಲಿ ಕೆಲವು.

ಉತ್ತರ ಕರ್ನಾಟಕದ ಬಯಲಿನಲ್ಲಿ ಗುಲಾಬಿಯ ಲೆಕ್ಕಾಚಾರವೇ ಬೇರೆ. ಮಳೆಗಾಲ ಹಿಂದೆ ಸರಿದ ಮೇಲೆ ಅಕ್ಟೋಬರ್ ಸುಮಾರಿಗೆ ಗಿಡಗಳನ್ನು ಸವರಿದರೆ ಒಂದೂವರೆ ಎರಡು ತಿಂಗಳಲ್ಲಿ ಮೊದಲ ಸುತ್ತಿನ ಹೂ ಬರುತ್ತದೆ, ಆಮೇಲೆ ಸುತ್ತಿನ ಮೇಲೆ ಸುತ್ತಾಗಿ ಚಳಿಗಾಲವೆಲ್ಲ ಗಿಡ ಅರಳುತ್ತಲೇ ಇರುತ್ತದೆ. ಶಿವರಾತ್ರಿಯಿಂದ ಯುಗಾದಿಯವರೆಗಿನ ಅವಧಿ ಈ ಸರಣಿಯ ಕೊನೆಯ ಘಟ್ಟ. ಉಷ್ಣಾಂಶ 30 ಡಿಗ್ರಿಯನ್ನು ಬಹಳ ಮೀರಿದಾಗ ಮೊಗ್ಗು ಬೇಗ ಬಿರಿಯುತ್ತದೆ, ಹೂವಿನ ಗಾತ್ರವೂ ಎಸಳುಗಳ ಸಂಖ್ಯೆಯೂ ಇಳಿಯುತ್ತವೆ, ಕೆಂಪು ಬಣ್ಣ ಕೊಡುವ ಆಂಥೋಸಯನಿನ್ ಎಂಬ ವರ್ಣದ್ರವ್ಯ ಕಡಿಮೆ ಉತ್ಪತ್ತಿಯಾಗುವುದರಿಂದ ಬಣ್ಣ ಮಾಸುತ್ತದೆ. ಒಣ ಹವೆಯಲ್ಲಿ ಕೆಂಪು ನುಸಿಯ ಕಾಟವೂ ಹೆಚ್ಚು. ಎಲೆಯ ಅಡಿಯಲ್ಲಿ ಸಣ್ಣ ಬಲೆ ನೇಯ್ದು ರಸ ಹೀರುವ ಈ ನುಸಿಯಿಂದ ಎಲೆಯ ಮೇಲೆ ಬಿಳಿ ಚುಕ್ಕೆಗಳು ಮೂಡುತ್ತವೆ.

ಆದ್ದರಿಂದ ಬೇಸಿಗೆಯ ಆರಂಭದಲ್ಲಿ ಗುಲಾಬಿ ನೋಡಲು ಹೋಗುವವರು ಹೊತ್ತನ್ನು ಅರಿತು ಹೋಗುವುದು ಒಳ್ಳೆಯದು. ಬೆಳಗಿನ ತಂಪಿನಲ್ಲಿ ಅರೆಬಿರಿದ ಹೂವಿನ ಹೊರ ಎಸಳುಗಳ ಅಂಚು ಹಿಂದಕ್ಕೆ ಸುರುಳಿಗೊಂಡು, ಒಳ ಎಸಳುಗಳು ಒಂದನ್ನೊಂದು ತಬ್ಬಿ ನಡುವೆ ಎತ್ತರದ ಶಿಖರದಂತೆ ನಿಂತಿರುತ್ತವೆ. ಮಧ್ಯಾಹ್ನದ ಹೊತ್ತಿಗೆ ಅದೇ ಹೂ ಪೂರ್ತಿ ತೆರೆದು, ಅಂಚು ಕಂದಿ, ಹಳದಿ ಕೇಸರಗಳು ಹೊರಗೆ ಕಾಣತೊಡಗುತ್ತವೆ. ಪರಿಮಳವೂ ಬೆಳಗಿನದೇ, ಏಕೆಂದರೆ ಎಸಳಿನ ಸುಗಂಧ ತೈಲ ಬಿಸಿಲಿಗೆ ಬೇಗ ಆವಿಯಾಗುತ್ತದೆ. ಉತ್ತರ ಪ್ರದೇಶದ ಅತ್ತರು ತಯಾರಕರಿಗಾಗಿ ಪನ್ನೀರು ಗುಲಾಬಿಯನ್ನು ನಸುಕಿನಲ್ಲೇ ಬಿಡಿಸುವುದಕ್ಕೆ ಇದೇ ಕಾರಣ. ಬೆಳಗಿನ ರೈಲಿಗೆ ಬಂದವರು ಮೊದಲು ಗುಲಾಬಿ ತೋಟ ನೋಡಿ, ಬಿಸಿಲೇರಿದ ಮೇಲೆ ಮರಗಳ ನೆರಳಿನಲ್ಲಿ ಬುತ್ತಿ ಬಿಚ್ಚಿ, ಇಳಿಹೊತ್ತಿನಲ್ಲಿ ರಾಕ್ ಗಾರ್ಡನ್ ಸುತ್ತಿದರೆ ದಿನಕ್ಕೆ ನ್ಯಾಯ ಸಲ್ಲುತ್ತದೆ. ಕಾಲುವೆಗಳಿಗೆ ನೀರು ಹರಿದು ಜಲಾಶಯದ ಮಟ್ಟ ತಗ್ಗಿದಂತೆಲ್ಲ ಹಿನ್ನೀರಿನ ಅಂಚಿನಲ್ಲಿ ಕೆಸರಿನ ಬಯಲು ತೆರೆದುಕೊಳ್ಳುವುದರಿಂದ ಹಕ್ಕಿ ನೋಡುವವರಿಗೂ ಈ ಕಾಲ ಅನುಕೂಲವಾದದ್ದು.

ಅರಸರ ತೋಟ, ಜನರ ತೋಟ

ಈ ಸೀಮೆಗೆ ನೀರನ್ನು ದೂರದಿಂದ ತಂದು ಉಪಯೋಗಿಸುವ ವಿದ್ಯೆ ಹೊಸದಲ್ಲ. ಆದಿಲ್‌ಶಾಹಿ ಅರಸರು ವಿಜಯಪುರಕ್ಕೆ ತೊರವಿಯ ಕಡೆಯಿಂದಲೂ, 1651ರಲ್ಲಿ ನಿರ್ಮಾಣವಾದ ಬೇಗಂ ತಾಲಾಬಿನಿಂದಲೂ ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ನೀರು ತಂದರು; ಕೊಳವೆಯ ಒತ್ತಡವನ್ನು ತಗ್ಗಿಸಲು ದಾರಿಯುದ್ದಕ್ಕೂ 'ಗಂಜ್' ಎಂಬ ಕಲ್ಲಿನ ನೀರುಗೋಪುರಗಳನ್ನು ಕಟ್ಟಿಸಿದರು. ನಗರದ ಮನೆಗಳಿಗೂ ಬಾವಡಿಗಳಿಗೂ ಒದಗಿದ ಈ ನೀರು ಅರಮನೆಯ ತೋಟಗಳನ್ನೂ ಕಾರಂಜಿಗಳನ್ನೂ ಸಾಕಿತು. ಕಾಲುವೆಗಳಿಂದ ನಾಲ್ಕು ಭಾಗವಾಗಿ ಹಂಚಿದ ಚೌಕ ಉದ್ಯಾನಕ್ಕೆ ಚಾರ್‌ಬಾಗ್ ಎನ್ನುತ್ತಾರೆ. ಪರ್ಷಿಯಾದಿಂದ ಬಂದ ಈ ಕಲ್ಪನೆಯೇ ಮೊಘಲ್ ಉದ್ಯಾನಗಳ ತಳಹದಿ. ಅಂತಹ ತೋಟದೊಳಗೆ ಕಾಲಿಡುವ ಅವಕಾಶ ಅಂದು ಅರಮನೆಗೆ ಹತ್ತಿರದವರಿಗಷ್ಟೇ ಇತ್ತು.

ಆಲಮಟ್ಟಿಯ ಉದ್ಯಾನ ಈ ಪರಂಪರೆಯ ರೂಪವನ್ನು ಉಳಿಸಿಕೊಂಡು ಅದರ ಒಡೆತನವನ್ನು ಬದಲಿಸಿದೆ. ಇಲ್ಲಿ ಟಿಕೆಟ್ ಪಡೆದು ಒಳಬರುವವರಲ್ಲಿ ಕಬ್ಬು ಕಡಿಯುವವರೂ, ದುಡಿಯಲು ಗೋವೆ, ಪುಣೆಗಳಿಗೆ ಗುಳೆ ಹೋಗಿ ಹಬ್ಬಕ್ಕೆ ಮರಳಿದವರೂ, ಸರ್ಕಾರಿ ಶಾಲೆಯ ಮಕ್ಕಳೂ ಇರುತ್ತಾರೆ. ಬರಸೀಮೆಯಲ್ಲಿ ಹೂದೋಟಕ್ಕೆ ನೀರು ಬಳಸುವುದು ಸರಿಯೇ ಎಂಬ ಪ್ರಶ್ನೆ ಏಳುವುದು ಸಹಜ, ಮತ್ತು ಅದಕ್ಕೆ ಉತ್ತರ ಇಲ್ಲಿಯೇ ಇದೆ. ಹೊಲದ ನೀರಿಗೆ ಹೋಲಿಸಿದರೆ ಹನಿ ಹನಿಯಾಗಿ ಉಣಿಸುವ ತೋಟದ ನೀರು ಬಹಳ ಅಲ್ಪ. ಆದರೆ ದುಡಿಮೆಯ ಹೊರತು ಬೇರೇನನ್ನೂ ಕೊಡದ ನೆಲವೆಂದು ತಮ್ಮ ಸೀಮೆಯನ್ನು ಬಗೆದವರಿಗೆ ಅದೇ ನೆಲ ಚೆಲುವನ್ನೂ ಬೆಳೆಯಬಲ್ಲದೆಂದು ತೋರಿಸುವ ಕೆಲಸವನ್ನು ಆ ಅಲ್ಪ ನೀರು ಮಾಡುತ್ತದೆ. ಇದನ್ನು ಬರಿಯ ಅಲಂಕಾರವೆಂದು ತಳ್ಳಿಹಾಕಲಾಗದು.

ಹಳಿ ಮುಟ್ಟದ ತಾಲ್ಲೂಕುಗಳು

ಈ ಸುಖ ನಾಲ್ಕೂ ತಾಲ್ಲೂಕುಗಳಿಗೆ ಸಮನಾಗಿ ಹಂಚಿಕೆಯಾಗಿಲ್ಲ. ಇಂಡಿ ಮತ್ತು ಬಾಗೇವಾಡಿಯವರಿಗೆ ಊರಿಂದ ದೂರವಾದರೂ ನಿಲ್ದಾಣಗಳಿವೆ. ಸಿಂದಗಿ ಮತ್ತು ಮುದ್ದೇಬಿಹಾಳಗಳಿಗೆ ಹಳಿಯೇ ಬಂದಿಲ್ಲ. ಸಿಂದಗಿಯವರು ಬಸ್ಸಿನಲ್ಲಿ ವಿಜಯಪುರಕ್ಕೋ ಇಂಡಿ ರೋಡ್‌ಗೋ ಬಂದು ರೈಲು ಹತ್ತಬೇಕು. ಮುದ್ದೇಬಿಹಾಳದವರಿಗೆ ಆಲಮಟ್ಟಿಯೇ ಹತ್ತಿರದ ನಿಲ್ದಾಣವಾದ್ದರಿಂದ ಉದ್ಯಾನಕ್ಕೆ ಬರಲು ಅವರಿಗೆ ರಸ್ತೆಯೇ ಗತಿ. ಆಲಮಟ್ಟಿಯಿಂದ ಮುದ್ದೇಬಿಹಾಳ, ತಾಳಿಕೋಟೆಗಳ ಮೂಲಕ ಯಾದಗಿರಿಗೆ ರೈಲುಮಾರ್ಗ ಬೇಕೆಂಬುದು ಈ ಭಾಗದ ಬಹುಕಾಲದ ಬೇಡಿಕೆ. 1884ರಲ್ಲಿ ಬರದ ಭಯವೇ ಒಂದು ಮಾರ್ಗಕ್ಕೆ ಸಾಕಷ್ಟು ಕಾರಣವಾಗಿತ್ತು. ಇಂದು ಶಿಕ್ಷಣ, ಆಸ್ಪತ್ರೆ, ಮಾರುಕಟ್ಟೆಗಳ ಅಗತ್ಯ ಇನ್ನೊಂದು ಮಾರ್ಗಕ್ಕೆ ಅದಕ್ಕಿಂತ ಕಡಿಮೆ ಕಾರಣವಲ್ಲ.

ಅದು ಕೈಗೂಡುವವರೆಗೆ ಮಾಡಬಹುದಾದ ಸಣ್ಣ ಕೆಲಸಗಳು ಹಲವು ಇವೆ. ರಜಾದಿನಗಳಲ್ಲಿ ರೈಲಿನ ಹೊತ್ತಿಗೆ ಹೊಂದುವಂತೆ ಇಂಡಿ ಪಟ್ಟಣದಿಂದ ಮತ್ತು ಬಾಗೇವಾಡಿಯಿಂದ ಆಯಾ ನಿಲ್ದಾಣಗಳಿಗೆ ಬಸ್ಸು ಓಡಿಸಬಹುದು. ಗುಲಾಬಿಯ ಪ್ರತಿ ಪಾತಿಗೂ ತಳಿಯ ಹೆಸರು, ಅದು ಹುಟ್ಟಿದ ನಾಡು, ನೆಟ್ಟ ವರ್ಷಗಳನ್ನು ಕನ್ನಡದಲ್ಲಿ ಬರೆದ ಫಲಕ ನಿಲ್ಲಿಸಬಹುದು. ಶಾಲಾ ಮಕ್ಕಳಿಗೆ ಮಾಲಿಗಳೇ ಕಣ್ಣು ಕಸಿಯನ್ನು ಮಾಡಿ ತೋರಿಸುವ ಏರ್ಪಾಡು ಮಾಡಬಹುದು. ಮುಳುಗಡೆಯಾದ ಹಳ್ಳಿಗಳ ಹೆಸರುಗಳನ್ನು ಉದ್ಯಾನದ ಬಾಗಿಲಲ್ಲೇ ಕೆತ್ತಿಸಬಹುದು. ಹಳಿ, ನೀರು, ಹೂವು ಇವು ಮೂರೂ ಜನರ ಹಣದಿಂದ, ಜನರ ದುಡಿಮೆಯಿಂದ ಮತ್ತು ಕೆಲವರ ನಷ್ಟದಿಂದ ಆದವು. ಹಾಗಿರುವಾಗ ಅವುಗಳ ಕಥೆಯನ್ನು ತಿಳಿಯುವ ಹಕ್ಕೂ, ಅವುಗಳ ಚೆಲುವನ್ನು ಸವಿಯುವ ಹಕ್ಕೂ ಸಿಂದಗಿಯ ಮಗುವಿಗೆ ಇಂಡಿಯ ಮಗುವಿನಷ್ಟೇ ಸಲ್ಲಬೇಕು.